ಹಾಲು ತರೋಕೆ ಹೋಗಿ ಇನ್ನೂರು ಖರ್ಚು

ಹಾಲಿಗೆ ಅಂತ ಅಂಗಡಿಗೆ ಹೋದರೆ ದಿನಾ ಇನ್ನೂರು ರೂಪಾಯಿ ಕರಗುತ್ತೆ, ನಿಲ್ಲಿಸೋದು ಹೇಗೆ ಅಂತ ಕೇಳಿದ್ದೀರಿ. ನಾನೂ ಹಾಸನದವಳೇ, ನಮ್ಮನೆಯಲ್ಲೂ ಇದೇ ಕಥೆ ಇತ್ತು. ಸಂಜೆ ಹಾಲಿನ ಜೊತೆ ಒಂದು ಪೊಟ್ಟಣ ಖಾರಾಬೂಂದಿ, ಎರಡು ಬನ್ನು, ಇರಲಿ ಅಂತ ಒಂದು ಕಟ್ಟು ಕೊತ್ತಂಬರಿ. ದಿನಕ್ಕೆ 60 ರೂಪಾಯಿ ಅಂದುಕೊಂಡರೂ ತಿಂಗಳಿಗೆ 1,800 ಆಯ್ತಲ್ವಾ?

ಒಂದು ದಿನ ಫ್ರಿಜ್ಜಿನ ತಳದ ಡಬ್ಬಿ ಎಳೆದರೆ ಮೂರು ಕಟ್ಟು ಕೊತ್ತಂಬರಿ ಕೊಳೆತು ಒಂದಕ್ಕೊಂದು ಅಂಟಿಕೊಂಡಿತ್ತು. ಮಾರನೇ ದಿನವೇ ಹಾಲನ್ನು ಬಾಗಿಲಿಗೆ ಹಾಕಿಸಿಕೊಂಡೆ. ಹಾಕೋ ಹುಡುಗನಿಗೆ ಸ್ವಲ್ಪ ಜಾಸ್ತಿ ಕೊಡಬೇಕು, ಆದರೂ ಲಾಭವೇ. ತರಕಾರಿಗೆ ವಾರಕ್ಕೊಮ್ಮೆ ಕಟ್ಟಿನಕೆರೆ ಮಾರುಕಟ್ಟೆ. ಕೈಯಲ್ಲಿ ಚೀಲ, ಚೀಟಿ, ಎಣಿಸಿದ ನೋಟು. ಫೋನ್ ಮನೆಯಲ್ಲೇ. ಸ್ಕ್ಯಾನ್ ಮಾಡಿದರೆ ದುಡ್ಡು ಹೋದದ್ದೇ ಗೊತ್ತಾಗೋದಿಲ್ಲ.

ಕಾಫಿಪುಡಿಗೆ ಮಾತ್ರ ಕೈ ಹಾಕಬೇಡಿ. ಉಳಿಸೋಣ ಅಂತ ಚಿಕೋರಿ ಜಾಸ್ತಿ ಇರೋ ಪುಡಿ ತಂದೆ. ನಮ್ಮ ಯಜಮಾನರು ಹೋಟೆಲಿನಲ್ಲಿ ಕಾಫಿ ಕುಡಿದು ಬರೋಕೆ ಶುರು ಮಾಡಿದರು!

ಮೊದಲ ವಾರ ಮಕ್ಕಳು ಮುಖ ಊದಿಸಿಕೊಳ್ತಾರೆ. ಒಂದು ಡಬ್ಬಿ ಚಕ್ಕುಲಿ ಮಾಡಿಟ್ಟಿರಿ.