ರಜೆಯ ನೆಂಟರು, ಬೆಳಗಿನ ಚಳಿ: ಓದುಗರ ಪ್ರಶ್ನೆಗೆ ವೈದ್ಯರ ಉತ್ತರ

ಪ್ರಶ್ನೆ: ಡಿಸೆಂಬರ್ 24ರಿಂದ ಹೊಸ ವರ್ಷದವರೆಗೆ ನಮ್ಮ ಒನ್ ಬಿಎಚ್‌ಕೆಯಲ್ಲಿ ಊರಿನ ನೆಂಟರೂ ಸೇರಿ ಒಂಬತ್ತು ಜನ. ಬೆಳಿಗ್ಗೆ ಐದಕ್ಕೆ ಎದ್ದವಳಿಗೆ ಬೆನ್ನು ನೆಲಕ್ಕೆ ತಾಗುವುದು ರಾತ್ರಿ ಹನ್ನೆರಡಕ್ಕೆ. ತಲೆನೋವು ಬಿಡುವುದಿಲ್ಲ, ಸಿಟ್ಟೆಲ್ಲ ಮಕ್ಕಳ ಮೇಲೆ. ಹೋದ ವರ್ಷ ನಾದಿನಿಯ ಮಗಳು ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನಕ್ಕೆ ಹೋದವಳು ಬಚ್ಚಲಲ್ಲೇ ತಲೆಸುತ್ತಿ ಕುಸಿದು ಕೂತಳು, ಹಸಿವೆಯಿಂದ ಇರಬೇಕು ಅಂದುಕೊಂಡೆವು. ಬರಬೇಡಿ ಎನ್ನಲಾಗದು. ಈ ಒತ್ತಡ ತಡೆಯುವುದು ಹೇಗೆ? — ಗೃಹಿಣಿ, ಡೊಂಬಿವಲಿ

ಉತ್ತರ: ಒತ್ತಡದ ಮಾತು ಆಮೇಲೆ. ಮೊದಲು ಆ ಹುಡುಗಿಯ ತಲೆಸುತ್ತು. ಅದು ಹಸಿವೆಯಲ್ಲದೆ ಇರಬಹುದು. ಬಾಗಿಲು ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಗೀಸರ್ ಉರಿಯುತ್ತ ಹೋದಂತೆ ಆಮ್ಲಜನಕ ಇಳಿಯುತ್ತದೆ, ಗ್ಯಾಸ್ ಪೂರ್ತಿ ಸುಡದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವುದು ಬೇಕೆಂದೇ ಬೆರೆಸಿದ ವಾಸನೆ. ಗ್ಯಾಸ್ ಉರಿದ ಮೇಲೆ ಅದು ಉಳಿಯುವುದಿಲ್ಲ. ಈ ಅನಿಲ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಕಾಲು ಸೋಲುವುದು, ಕೊನೆಗೆ ಪ್ರಜ್ಞೆ ತಪ್ಪುವುದು. ಇಬ್ಬರು ಮಿಂದಾಗ ಏನೂ ಆಗದ ಬಚ್ಚಲು, ಚಳಿಗೆ ಕಿಟಕಿ ಮುಚ್ಚಿ ಒಂಬತ್ತು ಜನ ಸಾಲಾಗಿ ಮಿಂದರೆ ಐದನೆಯವರ ಮೇಲೆ ಮುನಿಯುತ್ತದೆ.

ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಡ್ರೈ ಬಾಲ್ಕನಿಗೆ ಸಾಗಿಸುವುದೇ ಸರಿ. ಅದು ಆಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಒಳಗೆ ಹೋಗಲಿ. ಒಬ್ಬರಿಗೂ ಮುಂದಿನವರಿಗೂ ನಡುವೆ ಹತ್ತು ನಿಮಿಷ ಬಾಗಿಲು ಕಿಟಕಿ ತೆರೆದಿರಲಿ. ಎಕ್ಸಾಸ್ಟ್ ಫ್ಯಾನ್ ಒಂದನ್ನೇ ನಂಬಬೇಡಿ. ಬಾಗಿಲ ಕೆಳಗೆ ಗಾಳಿ ಒಳಬರುವ ಜಾಲರಿ ಇಲ್ಲದಿದ್ದರೆ ಅದು ಗೀಸರಿನ ಸುಟ್ಟ ಗಾಳಿಯನ್ನೇ ಬಚ್ಚಲಿಗೆ ಎಳೆಯಬಹುದು. ಜ್ವಾಲೆ ನೀಲಿಯಿರಬೇಕು. ಹಳದಿಗೆ ತಿರುಗಿದ್ದರೆ ಮೆಕ್ಯಾನಿಕ್ ನೋಡುವವರೆಗೆ ಹಚ್ಚಲೇಬೇಡಿ. ಯಾರಾದರೂ ಬಿದ್ದರೆ ಉಸಿರು ಬಿಗಿಹಿಡಿದು ಹೊರಗೆಳೆಯಿರಿ, ಗ್ಯಾಸ್ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಬೆರಳಿನ ಆಕ್ಸಿಮೀಟರ್ 98 ತೋರಿಸಿದರೂ ಸಮಾಧಾನಪಡಬೇಡಿ. ರಕ್ತ ಹೊತ್ತಿರುವುದು ಆಮ್ಲಜನಕವೋ ಈ ಅನಿಲವೋ, ಅದಕ್ಕೆ ಗೊತ್ತಾಗದು.

ನಿಮ್ಮ ತಲೆನೋವೂ ಸ್ನಾನದ ನಂತರವೇ ಏರಿ, ಹೊರಗೆ ತರಕಾರಿಗೆ ಹೋದಾಗ ಇಳಿಯುತ್ತದೆಯೇ, ಗಮನಿಸಿ. ಹಾಗಿಲ್ಲವೆಂದರೆ ನಿದ್ದೆಗೇಡು, ಎಲ್ಲರಿಗೂ ಬಡಿಸಿ ಮೂರು ಗಂಟೆಗೆ ಉಣ್ಣುವುದು, ನೀರಿನ ಬದಲು ಚಹಾ, ಇವೇ ಕಾರಣವಿರಬೇಕು. ನೋವಿನ ಮಾತ್ರೆ ತಿಂಗಳಿಗೆ 10-15 ದಿನ ದಾಟಿದರೆ ಮಾತ್ರೆಯೇ ತಲೆನೋವು ಹುಟ್ಟಿಸುತ್ತದೆ. ಕೆಲಸದ ಮಾತಿಗೆ ಬಂದರೆ, ಡೊಂಬಿವಲಿಯಲ್ಲಿದ್ದೂ ಒಂಬತ್ತು ಜನಕ್ಕೆ ಎರಡು ಹೊತ್ತು ಚಪಾತಿ ಲಟ್ಟಿಸುವುದು ನಮಗೆ ಒಪ್ಪಿಗೆಯಿಲ್ಲ. ಚಪಾತಿ, ಪಲ್ಯ ಮಾಡಿ ಮಾರುವ ಪೋಳಿ-ಭಾಜಿ ಕೇಂದ್ರದವರಿಗೆ ರಾತ್ರಿಯ ಚಪಾತಿ ಹೇಳಿಬಿಡಿ. ನೆಂಟರು ರೈಲು ಹತ್ತುವ ಮೊದಲೇ ಫೋನಿನಲ್ಲಿ, ‘ಅತ್ತಿಗೆ, ಬೆಳಗಿನ ತಿಂಡಿ ನಿಮ್ಮ ಕೈಯದ್ದೇ’ ಎಂದು ಹೇಳಿ. ಬಂದ ಮೇಲೆ ಹೇಳಿದರೆ ಅದು ದೂರಿನಂತೆ ಕೇಳುತ್ತದೆ. ರಾತ್ರಿ ಹತ್ತೂವರೆಗೆ ಅಡುಗೆಮನೆ ದೀಪ ಆರಲಿ, ಉಳಿದ ಪಾತ್ರೆ ಬೆಳಿಗ್ಗೆ ಕೆಲಸದಾಕೆಗೆ.

ಪ್ರಶ್ನೆ: ವಯಸ್ಸು 62. ವರ್ಷವಿಡೀ 130ರ ಆಸುಪಾಸಿನಲ್ಲಿದ್ದ ಬಿಪಿ ಡಿಸೆಂಬರಿನಲ್ಲಿ 150 ಮುಟ್ಟುತ್ತಿದೆ. ಬೆಳಿಗ್ಗೆ ಐದೂವರೆಗೆ ತಳಜಾಯಿ ಗುಡ್ಡಕ್ಕೆ ವಾಕಿಂಗ್ ತಪ್ಪಿಸಿಲ್ಲ. ಮಾತ್ರೆ ಒಂದೂವರೆ ಮಾಡಿಕೊಳ್ಳಲೇ? — ನಿವೃತ್ತ ಶಿಕ್ಷಕ, ಪುಣೆ

ಉತ್ತರ: ನೀವಾಗಿ ಮಾಡಿಕೊಳ್ಳಬೇಡಿ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಒತ್ತಡ ಏರುತ್ತದೆ. ಚಳಿ ಮುಗಿದ ಮೇಲೂ ಅದೇ ಒಂದೂವರೆ ಮಾತ್ರೆ ನಡೆದರೆ ಮಾರ್ಚಿನ ಬಿಸಿಲಿಗೆ ಎದ್ದು ನಿಂತಾಗ ತಲೆ ತಿರುಗೀತು. ಮೊದಲು ಅಳತೆ ಸರಿಯಿದೆಯೇ ನೋಡಿ. ಮೂತ್ರಕ್ಕೆ ಹೋಗಿ ಬಂದು, ಚಹಾ ಕುಡಿಯದೆ, ಬೆನ್ನಿಗೆ ಆನಿಕೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಸ್ವೆಟರಿನ ತೋಳಿನ ಮೇಲೆ ಪಟ್ಟಿ ಸುತ್ತಬೇಡಿ. ತೋಳು ಎದೆಯ ಮಟ್ಟಕ್ಕಿರಲಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಏಳು ದಿನ ಬರೆದಿಡಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ 135/85 ದಾಟಿದರೆ ಆ ಚೀಟಿಯೊಂದಿಗೆ ವೈದ್ಯರ ಬಳಿ ಹೋಗಿ.

ವಾಕಿಂಗ್ ಬಿಡಬೇಡಿ, ಏಳೂವರೆಗೆ ತಳ್ಳಿ. ಪುಣೆಯ ಡಿಸೆಂಬರಿನಲ್ಲಿ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಹದಿನೈದು ಡಿಗ್ರಿಗೂ ಹೆಚ್ಚು ವ್ಯತ್ಯಾಸವಿರುವುದುಂಟು, ಹೊಗೆ ಧೂಳು ನೆಲದ ಹತ್ತಿರವೇ ಕೂತಿರುತ್ತದೆ. ನೆಗಡಿ ಮಾತ್ರೆ ತಂದಿದ್ದರೆ ಪಟ್ಟಿಯ ಹಿಂಬದಿ ಓದಿ: ಫಿನೈಲ್‌ಎಫ್ರಿನ್ ಬಿಪಿ ಏರಿಸಬಲ್ಲದು, ಮೊಣಕಾಲಿಗೆ ನುಂಗುವ ಡೈಕ್ಲೋಫೆನಾಕ್ ಕೂಡ. ಪುಣೆಯವರು ಹುರ್ಡಾ ಎನ್ನುವ ನಮ್ಮ ಸೀತನಿ (ಸುಟ್ಟ ಎಳೆ ಜೋಳದ ಕಾಳು) ಧಾರಾಳವಾಗಿ ತಿನ್ನಿ, ತಕರಾರಿಲ್ಲ. ತಕರಾರು ಜೊತೆಯ ಶೇಂಗಾ ಚಟ್ನಿ, ಬೆಳ್ಳುಳ್ಳಿ ಚಟ್ನಿಯ ಉಪ್ಪಿನದು. ಇಡೀ ದಿನಕ್ಕೆ ಉಪ್ಪು ಐದು ಗ್ರಾಂ, ಅಂದರೆ ಒಂದು ಟೀ ಚಮಚ, ಅಡುಗೆಯದ್ದೂ ಸೇರಿ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಕ್ರಿಸ್‌ಮಸ್‌ಗೆ ನೆರೆಮನೆಯಿಂದ ಬೆಬಿಂಕಾ, ದೊದೊಲ್ ಸಿಹಿತಿಂಡಿ ಬರುತ್ತವೆ. ದೊದೊಲ್ ಬೆಲ್ಲದ್ದು, ನಡೆಯುತ್ತದಲ್ಲವೇ? 31ರ ರಾತ್ರಿ ಎರಡು ಪೆಗ್ ಫೆನಿ? — ಓದುಗ, ವಾಸ್ಕೊ

ಉತ್ತರ: ಬೆಲ್ಲಕ್ಕೂ ಸಕ್ಕರೆಗೂ ನಿಮ್ಮ ರಕ್ತ ಭೇದ ಮಾಡದು. ಊಟದಲ್ಲಿ ಒಂದು ಸೌಟು ಅನ್ನ ಬಿಟ್ಟು, ಊಟವಾದ ಮೇಲೆ ಎರಡರಲ್ಲಿ ಒಂದನ್ನು ಬೆರಳಗಲದಷ್ಟು ತಿನ್ನಿ, ನೆರೆಯವರ ಮನಸ್ಸೂ ಉಳಿಯುತ್ತದೆ.

ಫೆನಿಯೇ ದೊಡ್ಡ ಚಿಂತೆ. ಮದ್ಯವನ್ನು ಅರಗಿಸುವ ಕೆಲಸದಲ್ಲಿ ತೊಡಗಿದ ಯಕೃತ್ತು ರಕ್ತಕ್ಕೆ ಗ್ಲೂಕೋಸ್ ಬಿಡುವುದನ್ನು ತಗ್ಗಿಸುತ್ತದೆ, ಗ್ಲಿಮೆಪಿರೈಡ್ ಸಕ್ಕರೆ ಇಳಿಸುವ ತನ್ನ ಕೆಲಸ ನಿಲ್ಲಿಸುವುದಿಲ್ಲ. ಹಾಗಾಗಿ ಸಕ್ಕರೆ ಕುಸಿಯುವುದು ಕುಡಿದಾಗಷ್ಟೇ ಅಲ್ಲ, ಬೆಳಗಿನ ಜಾವವೂ ಉಂಟು. ತೊದಲುವುದು, ಬೆವರುವುದು, ತೂರಾಡುವುದು ಕಂಡು ಮನೆಯವರು ‘ಏರಿದೆ, ಮಲಗಲಿ’ ಎಂದು ಬಿಟ್ಟುಬಿಡುತ್ತಾರೆ. ಕುಡಿಯದಿರುವುದೇ ಕ್ಷೇಮ. ಕುಡಿಯುವುದೇ ಆದರೆ 30 ಮಿಲಿಗೆ ನಿಲ್ಲಿಸಿ, ಊಟದ ಜೊತೆಗೇ ಕುಡಿಯಿರಿ. ಮಲಗುವ ಮುನ್ನ ಗ್ಲುಕೋಮೀಟರ್ 100ಕ್ಕಿಂತ ಕಡಿಮೆ ತೋರಿಸಿದರೆ ಒಂದು ಚಪಾತಿ ತಿಂದೇ ಮಲಗಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಿ. ಆ ಹೊತ್ತಿಗೆ ಬೆಬಿಂಕಾ ಕೆಲಸಕ್ಕೆ ಬಾರದು; ತುಪ್ಪ, ತೆಂಗಿನಹಾಲಿನ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಪ್ರಜ್ಞೆಯಿಲ್ಲದವರ ಬಾಯಿಗೆ ಏನೂ ಹಾಕಬಾರದೆಂದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕೆಂದು ಮನೆಯವರಿಗೆ ಹೇಳಿಡಿ.

ಪ್ರಶ್ನೆ: ಹೆಂಡತಿ, ಮಕ್ಕಳು ರಜೆಗೆ ಊರಿಗೆ ಹೋಗಿದ್ದಾರೆ. ನನಗೆ ವರ್ಷಾಂತ್ಯದ ಲೆಕ್ಕ, ರಜೆಯಿಲ್ಲ. ರಾತ್ರಿ ಮೂರಾದರೂ ನಿದ್ದೆ ಹತ್ತದು. — ಖಾಸಗಿ ಕಂಪನಿ ನೌಕರ, ಮುಲುಂಡ್

ಉತ್ತರ: ಆಫೀಸಿನಲ್ಲಿ ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ. ಎಷ್ಟೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ, ಭಾನುವಾರವೂ. ಇಪ್ಪತ್ತು ನಿಮಿಷ ಹೊರಳಾಡಿಯೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕುಳಿತುಕೊಳ್ಳಿ, ಮೊಬೈಲ್ ಹಾಸಿಗೆಯಲ್ಲೇ ಬಿಟ್ಟು. ಮನೆಯವರಿಗೆ ಫೋನು ಮಲಗುವ ಮುಂಚೆಯಲ್ಲ, ಊಟಕ್ಕೆ ಕುಳಿತಾಗ ಮಾಡಿ. ಒಬ್ಬರೇ ಉಣ್ಣುವ ಹೊತ್ತು ಭಾರವಾಗದು. ಎರಡು ವಾರ ದಾಟಿದರೆ, ಅಥವಾ ಬದುಕೇ ಬೇಡವೆನ್ನಿಸಿದರೆ ಅದೇ ಕ್ಷಣ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಎತ್ತುತ್ತಾರೆ, ಭಾಷೆ ನೀವೇ ಆರಿಸಿಕೊಳ್ಳಬಹುದು.