ಲಿನಕ್ಸ್ ಹಾಕಿಯೇ ಮಾರುವ ಲ್ಯಾಪ್‌ಟಾಪ್‌ಗೂ ನಾವೇ ಹಾಕಿಕೊಳ್ಳುವುದಕ್ಕೂ ಏನು ವ್ಯತ್ಯಾಸ?

ವ್ಯತ್ಯಾಸ ಇರುವುದು ಡ್ರೈವರ್ (ಹಾರ್ಡ್‌ವೇರ್ ನಡೆಸುವ ತಂತ್ರಾಂಶ) ಮತ್ತು ಫರ್ಮ್‌ವೇರ್‌ನಲ್ಲಿ (ಹಾರ್ಡ್‌ವೇರ್‌ನೊಳಗೇ ಇರುವ ತಂತ್ರಾಂಶ). ಡೆಲ್ 2007ರಲ್ಲೇ ಉಬುಂಟು ಎಂಬ ಲಿನಕ್ಸ್ ಹಾಕಿದ ಕಂಪ್ಯೂಟರ್ ಮಾರಲು ಶುರುಮಾಡಿತು. ಲೆನೊವೊ 2020ರಲ್ಲಿ ಕೆಲವು ಥಿಂಕ್‌ಪ್ಯಾಡ್‌ಗಳನ್ನು ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಸಮೇತ ಕೊಟ್ಟಿತು. ಇಂಥವುಗಳಲ್ಲಿ ವೈ-ಫೈ, ಸ್ಲೀಪ್, ಟಚ್‌ಪ್ಯಾಡ್‌ಗಳನ್ನು ಕಂಪನಿಯೇ ಪರೀಕ್ಷಿಸಿರುತ್ತದೆ. ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಫರ್ಮ್‌ವೇರ್) ಅಪ್‌ಡೇಟ್ ಕೂಡ ಎಲ್‌ವಿಎಫ್‌ಎಸ್ ಎಂಬ ಫರ್ಮ್‌ವೇರ್ ಹಂಚುವ ಸೇವೆಯ ಮೂಲಕ ಲಿನಕ್ಸ್‌ನೊಳಗೇ ಸಿಗುತ್ತದೆ. ನನ್ನ ಪ್ರಕಾರ ಇದೇ ದೊಡ್ಡ ಲಾಭ.

ನೀವೇ ಹಾಕುವಾಗ ಹಲವರಿಗೆ ಕೈಕೊಡುವ ಜಾಗ ಒಂದಿದೆ: ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣಿಸುವುದೇ ಇಲ್ಲ. ಬಯೋಸ್‌ನಲ್ಲಿ ಸ್ಟೋರೇಜ್ ಇಂಟೆಲ್ ಆರ್‌ಎಸ್‌ಟಿ (ಡಿಸ್ಕ್ ನಿರ್ವಹಿಸುವ ಇಂಟೆಲ್‌ನದೇ ವಿಧಾನ) ಮೋಡ್‌ನಲ್ಲಿರುವುದು ಇದಕ್ಕೆ ಸಾಮಾನ್ಯ ಕಾರಣ, ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ಬದಲಿಸಬೇಕು. ವಿಂಡೋಸ್ ಉಳಿಸಿಕೊಳ್ಳುವುದಾದರೆ ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಬರೆದಿಟ್ಟುಕೊಳ್ಳಿ, ಸೇಫ್ ಮೋಡ್‌ಗೆ ಬೂಟ್ ಆಗುವಂತೆ ಹೊಂದಿಸಿ, ಆಮೇಲಷ್ಟೇ ಮೋಡ್ ಬದಲಿಸಿ. ಹಾಗೆ ಮಾಡದಿದ್ದರೆ ಎಎಚ್‌ಸಿಐ ಡ್ರೈವರ್ ಲೋಡ್ ಆಗದೆ ವಿಂಡೋಸ್ ನೀಲಿ ಪರದೆಯಲ್ಲೇ ನಿಂತುಬಿಡಬಹುದು.