ಹಳೆಯ ಶೈಲಿಯ ಶೂಟರ್ ಗೇಮ್‌ಗಳು ಈಗ ಮತ್ತೆ ಏಕೆ ಜನಪ್ರಿಯವಾಗಿವೆ?

ಬಾಲ್ಯದ ನೆನಪು ಒಂದು ಕಾರಣ, ಆದರೆ ಮುಖ್ಯ ಕಾರಣ ಆಟದ ವೇಗ. 1993ರ ‘ಡೂಮ್’ನಲ್ಲಿ ಬಂದೂಕಿಗೆ ಗುಂಡು ತುಂಬಲು ನಿಲ್ಲಬೇಕಾಗಿಲ್ಲ. ಓಡುತ್ತಲೇ ಗುಂಡುಗಳಿಂದ ತಪ್ಪಿಸಿಕೊಳ್ಳಬೇಕು, ಬಣ್ಣದ ಕೀಲಿ ಹುಡುಕಬೇಕು, ಗುಪ್ತ ಬಾಗಿಲುಗಳನ್ನು ಪತ್ತೆ ಹಚ್ಚಬೇಕು. 2000ರ ನಂತರದ ಅನೇಕ ಶೂಟರ್‌ಗಳು ಈ ಸ್ವಾತಂತ್ರ್ಯವನ್ನೇ ಕಿತ್ತುಕೊಂಡವು: ಕೈಯಲ್ಲಿ ಎರಡೇ ಆಯುಧ, ಒಂದೇ ನೇರ ದಾರಿ, ಗೋಡೆಯ ಹಿಂದೆ ಅವಿತು ಗಾಯ ತಾನಾಗಿ ಮಾಯುವವರೆಗೆ ಕಾಯುವುದು. ನನಗಂತೂ ಅದು ದೊಡ್ಡ ನಷ್ಟವೆನಿಸಿತ್ತು.

ಅಭಿಮಾನಿಗಳು ಮಾತ್ರ ಹಳೆಯದನ್ನು ಬಿಡಲಿಲ್ಲ. 1997ರಲ್ಲಿ ‘ಡೂಮ್’ನ ಮೂಲ ಕೋಡ್ ಬಹಿರಂಗವಾದಾಗಿನಿಂದ ಅದನ್ನು ಹೊಸ ಕಂಪ್ಯೂಟರ್‌ಗಳಿಗೆ ಒಗ್ಗಿಸುತ್ತಾ, ಹೊಸ ಹಂತಗಳನ್ನು ಕಟ್ಟುತ್ತಾ ಬಂದಿದ್ದಾರೆ. ಆ ಬೇರಿನಿಂದಲೇ ಈಗಿನ ಚಿಗುರು ಒಡೆದಿದೆ. 2018ರ ‘ಡಸ್ಕ್’ ಬಹುಪಾಲು ಒಬ್ಬರೇ ರೂಪಿಸಿದ ಗೇಮ್. 2019ರ ‘ಅಯಾನ್ ಫ್ಯೂರಿ’ಯಂತೂ 1996ರ ‘ಡ್ಯೂಕ್ ನ್ಯೂಕೆಮ್ 3ಡಿ’ ಬಳಸಿದ ಬಿಲ್ಡ್ ಎಂಜಿನ್‌ನಲ್ಲೇ (ಗೇಮ್ ನಡೆಸುವ ಮೂಲ ತಂತ್ರಾಂಶ) ತಯಾರಾಯಿತು! ಸರಳ ಚಿತ್ರಗಳಿಗೆ ಖರ್ಚು ಕಡಿಮೆಯಾದ್ದರಿಂದ ಸಣ್ಣ ತಂಡಗಳೂ ಧೈರ್ಯ ಮಾಡುತ್ತವೆ.

ಆದರೆ ದಪ್ಪ ಪಿಕ್ಸೆಲ್‌ಗಳಿದ್ದರೆ ಸಾಲದು. ಹಂತಗಳ ವಿನ್ಯಾಸ ಜಾಣತನದಿಂದ ಕೂಡಿರದಿದ್ದರೆ ಅರ್ಧ ಗಂಟೆಯಲ್ಲೇ ಬೇಸರವಾಗುತ್ತದೆ. ಹೊಸಬರು ‘ಡಸ್ಕ್’ನಿಂದಲೇ ಆರಂಭಿಸಿ.